ಹಳದಿ ಕಾರ್ಡು ಮತ್ತು ಮೈಯ ನೆನಪು

(ಸೌತ್ ಸಿಯಲ್ಲಿ ನಡೆದ ನಮ್ಮ ಶಾಲೆಯ ಪದವಿ ಸಮಾರಂಭದಲ್ಲಿ ಪೋಷಕರು ಮತ್ತು ಶಿಕ್ಷಕರನ್ನು ಉದ್ದೇಶಿಸಿ ಮಾಡಿದ ಮಾತು)



ಇಂಥ ದಿನ ಭಾಷೆ, ಸಂಸ್ಕೃತಿಯ ಬಗ್ಗೆ ಮಾತಾಡುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲೇ ಕೂತಿದ್ದಾರೆ. ಜೀವಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಹಾಗಾಗಿ ನನಗೆ ತಿಳಿದ ವಿಷಯವೊಂದನ್ನೇ ಆರಿಸಿಕೊಂಡಿದ್ದೇನೆ. ವೈರಸ್ಸು ಮೈಯೊಳಗೆ ಹೊಕ್ಕಾಗ ಮೈ ಏನು ಮಾಡುತ್ತದೆ, ಲಸಿಕೆ ಹಾಕಿಸಿದಾಗ ಏನು ಕಲಿಯುತ್ತದೆ, ಕಲಿತದ್ದನ್ನು ಎಷ್ಟು ಕಾಲ ನೆನಪಿಟ್ಟುಕೊಳ್ಳುತ್ತದೆ ಎನ್ನುವುದೇ ಇವತ್ತಿನ ಮಾತು. ಇದನ್ನು ಪಠ್ಯಪುಸ್ತಕದಿಂದ ಶುರುಮಾಡದೆ, ನಮ್ಮೆಲ್ಲರ ಮನೆಯ ಬೀರುವಿನಲ್ಲಿರುವ ಒಂದು ಕಾಗದದಿಂದ ಶುರುಮಾಡುತ್ತೇನೆ.

ನೈರೋಬಿಯ ಕನ್ನಡದ ಮನೆಗಳಲ್ಲಿ ಪಾಸ್‌ಪೋರ್ಟುಗಳ ಜೊತೆಗೆ ತಲೆಗೊಂದರಂತೆ ಹಳದಿ ಕಾರ್ಡು ಇರುತ್ತದೆ. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡಿದ್ದಕ್ಕೆ ಅದು ಪುರಾವೆ. ಭಾರತ ಸರ್ಕಾರದ ಪಟ್ಟಿಯಲ್ಲಿ ಕೀನ್ಯಾ ಹಳದಿ ಜ್ವರದ ಅಪಾಯವಿರುವ ದೇಶ. ಆದ್ದರಿಂದ ಬೇಸಿಗೆ ರಜೆಗೋ ಮದುವೆಗೋ ಊರಿಗೆ ಹೊರಟವರು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇಳಿದ ಕೂಡಲೇ ಆ ಕಾರ್ಡನ್ನು ತೋರಿಸಬೇಕು. ಕಾರ್ಡಿಲ್ಲದಿದ್ದರೆ ನಮ್ಮನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕಾರ್ಡಿದ್ದರೂ ಲಸಿಕೆ ಹಾಕಿಸಿ ಹತ್ತು ದಿನ ಆಗಿರಲೇಬೇಕು. ಆದರೆ ಒಮ್ಮೆ ಹಾಕಿಸಿದರೆ ಜೀವಮಾನಕ್ಕೆಲ್ಲ ಅದೊಂದೇ ಸಾಕು.

ಹತ್ತು, ಆರು, ಒಂದು. ಮೂರೂ ಸರ್ಕಾರಿ ನಿಯಮಗಳ ಹಾಗೆ ಕಾಣುತ್ತವೆ. ನಿಜವಾಗಿ ಆ ಮೂರನ್ನೂ ಬರೆದದ್ದು ನಮ್ಮ ಮೈ ಮತ್ತು ಆ ವೈರಸ್ಸು. ಕಚೇರಿಯವರು ಅದನ್ನು ಕಾಗದಕ್ಕೆ ಇಳಿಸಿದ್ದಾರೆ, ಅಷ್ಟೆ.

ಮೊದಲು ಹತ್ತು ದಿನದ ಲೆಕ್ಕ ನೋಡೋಣ.

ವೈರಸ್ಸಿಗೆ ಸ್ವಂತ ಬದುಕಿಲ್ಲ. ಅದು ನಮ್ಮ ಜೀವಕೋಶದೊಳಗೆ ನುಗ್ಗಿ, ಆ ಕೋಶದ ಸಲಕರಣೆಗಳನ್ನೇ ಬಳಸಿ ತನ್ನ ನಕಲುಗಳನ್ನು ಮಾಡಿಸಿಕೊಳ್ಳುತ್ತದೆ. ನಮ್ಮ ಮನೆಗೆ ಬಂದು, ನಮ್ಮ ಅಡುಗೆಮನೆಯಲ್ಲೇ ಬೇಯಿಸಿಕೊಂಡು, ಸಂಸಾರ ಬೆಳೆಸಿ ಕೊನೆಗೆ ಮನೆಯನ್ನೇ ಕೆಡವಿ ಹೋಗುವ ನೆಂಟ. ಆದರೆ ಕೋಶ ಸುಮ್ಮನೆ ಕೂರುವುದಿಲ್ಲ. ಒಳಗೆ ಕಳ್ಳ ಹೊಕ್ಕಿದ್ದು ತಿಳಿದ ತಕ್ಷಣ ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಕ್ಕೆ ಬಿಡುತ್ತದೆ. ಅದು ಅಕ್ಕಪಕ್ಕದ ಕೋಶಗಳಿಗೆ ಕೂಗಿ ಹೇಳಿದ ಹಾಗೆ: ನಮ್ಮ ಮನೆ ಹೋಯಿತು, ನೀವು ಬಾಗಿಲು ಹಾಕಿಕೊಳ್ಳಿ. ಜ್ವರ, ಮೈಕೈ ನೋವು, ಸುಸ್ತು ಇವೆಲ್ಲ ಹೆಚ್ಚಾಗಿ ಈ ಕೂಗಾಟದ ಫಲ. ಲಸಿಕೆ ಹಾಕಿಸಿದ ಮರುದಿನ ಮಗುವಿನ ಮೈ ಬಿಸಿಯಾದರೆ ನಾವು ಗಾಬರಿಯಾಗುತ್ತೇವೆ. ಅದು ಬಹುಪಾಲು ಮೈ ಎಚ್ಚೆತ್ತಿದ್ದರ ಗುರುತು. ಹಾಗೆಂದು ಜ್ವರ ಬಾರದಿದ್ದರೆ ಲಸಿಕೆ ಹತ್ತಲಿಲ್ಲ ಎಂದೂ ತಿಳಿಯಬೇಕಿಲ್ಲ. ಎಷ್ಟೋ ಮಕ್ಕಳಲ್ಲಿ ಈ ಕೆಲಸ ಸದ್ದಿಲ್ಲದೆ ನಡೆದುಹೋಗುತ್ತದೆ.

ಈ ಮೊದಲ ಕಾವಲು ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಆದರೆ ಅದಕ್ಕೆ ಕಳ್ಳನ ಮುಖದ ಗುರುತಿಲ್ಲ. ಕಳ್ಳ ಎಂದಷ್ಟೇ ಗೊತ್ತು, ಯಾವ ಕಳ್ಳ ಎಂದು ಗೊತ್ತಿಲ್ಲ. ಮುಖ ಗುರುತಿಸುವ ಕೆಲಸ ಎರಡನೆಯ ಪಡೆಯದು, ಅದು ನಿಧಾನ. ಚರ್ಮದ ಕೆಳಗೆ ಮರದ ಕೊಂಬೆಗಳಂತೆ ಕೈಚಾಚಿಕೊಂಡು ಕಾಯುವ ಕೆಲವು ಕೋಶಗಳಿವೆ. ಅವು ವೈರಸ್ಸಿನ ಚೂರುಗಳನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ನಡೆಯುತ್ತವೆ. ಕಾಲಿಗೆ ಗಾಯವಾದರೆ ತೊಡೆಸಂದಿಯಲ್ಲಿ, ಗಂಟಲು ಕೆಟ್ಟರೆ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತದಲ್ಲ, ಅದೇ ದುಗ್ಧಗ್ರಂಥಿ. ಅಲ್ಲಿ ಬಿ ಕೋಶ, ಟಿ ಕೋಶ ಎಂಬ ಬಿಳಿ ರಕ್ತಕಣಗಳು ಕೋಟಿಗಟ್ಟಲೆ ಇವೆ. ಪ್ರತಿಯೊಂದರ ಮೈಮೇಲೂ ಒಂದು ಬೀಗವಿದೆ, ಒಂದರ ಬೀಗದಂತೆ ಇನ್ನೊಂದರದು ಇರುವುದು ಅಪರೂಪ. ಇಲ್ಲಿ ಬೆರಗಿನ ಸಂಗತಿಯೊಂದಿದೆ. ವೈರಸ್ಸು ಬಂದಮೇಲೆ ಅದಕ್ಕೆ ತಕ್ಕ ಬೀಗ ಮಾಡುವುದಲ್ಲ ಮೈಯ ಪದ್ಧತಿ. ನಾನಾ ಬಗೆಯ ಬೀಗಗಳನ್ನು ಮೊದಲೇ ಮಾಡಿಟ್ಟುಕೊಂಡು, ಯಾವ ಕೀಲಿ ಬರುತ್ತದೋ ಎಂದು ಕಾಯುವುದು. ಬಂದ ಕೀಲಿ ಯಾವುದೋ ಬೆರಳೆಣಿಕೆಯ ಕೋಶಗಳಿಗೆ ಹೊಂದುತ್ತದೆ. ಆ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯತೊಡಗುತ್ತವೆ.

ಬೆಳೆಯುವಾಗ ಬಿ ಕೋಶಗಳು ತಮ್ಮ ಬೀಗವನ್ನು ಅಷ್ಟಿಷ್ಟು ತಿದ್ದಿಕೊಳ್ಳುತ್ತವೆ. ತಿದ್ದಿದ್ದು ಚೆನ್ನಾಗಿ ಹೊಂದಿದರೆ ಉಳಿವು, ಇಲ್ಲದಿದ್ದರೆ ಸಾವು. ಹೀಗೆ ತೇರ್ಗಡೆಯಾದ ಕೋಶಗಳು ಪ್ರತಿಕಾಯಗಳನ್ನು, ಅಂದರೆ ಆ ವೈರಸ್ಸಿಗೆ ಮಾತ್ರ ಅಂಟಿ ಅದರ ಕೈಕಟ್ಟುವ ಪ್ರೋಟೀನುಗಳನ್ನು, ರಕ್ತಕ್ಕೆ ಸುರಿಯುತ್ತವೆ. ಟಿ ಕೋಶಗಳಲ್ಲಿ ಒಂದು ಬಣ ಬಿ ಕೋಶಗಳಿಗೆ ನೆರವಾಗುತ್ತದೆ. ಇನ್ನೊಂದು ಬಣ ಈಗಾಗಲೇ ವೈರಸ್ಸು ಹೊಕ್ಕ ಕೋಶಗಳನ್ನು ಹುಡುಕಿ ಕೊಲ್ಲುತ್ತದೆ. ಇಷ್ಟೆಲ್ಲ ಆಗಲು ಒಂದು ವಾರ, ಹತ್ತು ದಿನ ಬೇಕು. ಹಳದಿ ಜ್ವರದ ಲಸಿಕೆ ಪಡೆದವರಲ್ಲಿ ನೂರಕ್ಕೆ 80ರಿಂದ 100 ಮಂದಿಗೆ ಹತ್ತು ದಿನದೊಳಗೆ ರಕ್ಷಣೆ ಬರುತ್ತದೆ, ಮೂವತ್ತು ದಿನದೊಳಗೆ 99ಕ್ಕೂ ಹೆಚ್ಚು ಮಂದಿಗೆ. ಕಾರ್ಡಿನ ಹತ್ತು ದಿನ ಅಲ್ಲಿಂದ ಬಂದದ್ದು.

ಆರು ದಿನದ ಲೆಕ್ಕ ವೈರಸ್ಸಿನದು. ಸೊಳ್ಳೆ ಕಚ್ಚಿ ವೈರಸ್ಸು ಒಳಹೊಕ್ಕ ಮೇಲೆ ಹಳದಿ ಜ್ವರ ಕಾಣಿಸಿಕೊಳ್ಳಲು ಮೂರರಿಂದ ಆರು ದಿನ ಸಾಕು. ಆರು ದಿನ ಕಳೆದೂ ಜ್ವರ ಬರಲಿಲ್ಲವೆಂದರೆ ಆ ಮನುಷ್ಯ ವೈರಸ್ಸನ್ನು ಹೊತ್ತು ತಂದಿಲ್ಲ ಎಂದು ನಂಬಬಹುದು. ಭಾರತ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. ಹಳದಿ ಜ್ವರ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ನಮ್ಮೂರುಗಳಲ್ಲಿ ಡೆಂಗಿ ಹರಡುವ ಅದೇ ಸೊಳ್ಳೆ. ಬೆಂಗಳೂರಿನ ಹೂಕುಂಡದ ತಟ್ಟೆಯಲ್ಲಿ, ಮಂಗಳೂರಿನ ತೆಂಗಿನ ಚಿಪ್ಪಿನಲ್ಲಿ ಅದು ಆರಾಮಾಗಿ ಬೆಳೆಯುತ್ತದೆ. ಸೊಳ್ಳೆ ಇದೆ, ಜನ ಇದ್ದಾರೆ, ಆ ಜನರ ಮೈಗೆ ಹಳದಿ ಜ್ವರದ ಪರಿಚಯವೇ ಇಲ್ಲ. ವೈರಸ್ಸು ಮಾತ್ರ ಏಷ್ಯಾದಲ್ಲಿ ನೆಲೆಯೂರಿಲ್ಲ. ಅದು ಹಾಗೆಯೇ ಇರಲಿ ಎಂದೇ ನಮ್ಮ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡುವುದು.

ಇನ್ನು ಒಂದರ ಲೆಕ್ಕ. ಇದರಲ್ಲೇ ಹೆಚ್ಚಿನ ಸ್ವಾರಸ್ಯವಿದೆ.

1927ರಲ್ಲಿ ಆಗಿನ ಗೋಲ್ಡ್ ಕೋಸ್ಟ್, ಈಗಿನ ಘಾನಾದಲ್ಲಿ ಅಸಿಬಿ ಎಂಬ ಯುವಕನಿಗೆ ಹಳದಿ ಜ್ವರ ಬಂತು. ಅವನ ರಕ್ತದಿಂದ ವಿಜ್ಞಾನಿಗಳು ವೈರಸ್ಸನ್ನು ಬೇರ್ಪಡಿಸಿದರು. ಅಸಿಬಿ ಬದುಕಿ ಉಳಿದ, ಅವನ ವೈರಸ್ಸೂ ಉಳಿಯಿತು. ನ್ಯೂಯಾರ್ಕಿನ ರಾಕ್‌ಫೆಲರ್ ಫೌಂಡೇಶನ್ನಿನ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಥೈಲರ್ ಮತ್ತು ಸಂಗಡಿಗರು ಅದನ್ನು ಇಲಿಯ ಭ್ರೂಣದ, ಆಮೇಲೆ ಕೋಳಿಯ ಭ್ರೂಣದ ಅಂಗಾಂಶದಲ್ಲಿ ಮತ್ತೆ ಮತ್ತೆ ಬೆಳೆಸಿದರು. ನೂರೈವತ್ತು ಸಲಕ್ಕೂ ಹೆಚ್ಚು ಹೀಗೆ ದಾಟಿಸುತ್ತಾ ಹೋದಂತೆ ಆ ವೈರಸ್ಸು ಮನುಷ್ಯನನ್ನು ಕಾಡುವ ಕಸುವನ್ನು ಕಳೆದುಕೊಂಡಿತು, ಮುಖಚರ್ಯೆಯನ್ನು ಮಾತ್ರ ಉಳಿಸಿಕೊಂಡಿತು. 1937ರಲ್ಲಿ ಸಿದ್ಧವಾದ ಆ ಲಸಿಕೆಯ ಹೆಸರು 17ಡಿ. ಥೈಲರ್‌ಗೆ 1951ರಲ್ಲಿ ನೊಬೆಲ್ ಬಂತು. ಇಂದಿಗೂ ನಮ್ಮ ತೋಳಿಗೆ ಹಾಕುವ ಹಳದಿ ಜ್ವರದ ಲಸಿಕೆ ಆ ಆಫ್ರಿಕಾದ ಯುವಕನ ಮೈಯಿಂದ ಬಂದ ವೈರಸ್ಸಿನ ಸಂತತಿಯೇ. ಇದನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ಹಾಗಾಗಿ ಮೊಟ್ಟೆ ತಿಂದರೆ ತೀವ್ರ ಅಲರ್ಜಿಯಾಗುವವರು ವೈದ್ಯರಿಗೆ ಮೊದಲೇ ಹೇಳಬೇಕು.

ಇದು ಜೀವಂತ ಲಸಿಕೆ. ತೋಳಿನಲ್ಲಿ ಇಳಿದ ದುರ್ಬಲ ವೈರಸ್ಸು ಕೆಲವು ದಿನ ನಿಜವಾಗಿಯೂ ಬೆಳೆಯುತ್ತದೆ. ಇಂಟರ್‌ಫೆರಾನ್ ಕೂಗೆಬ್ಬಿಸುತ್ತದೆ, ಬಿ ಕೋಶ, ಟಿ ಕೋಶ ಎರಡಕ್ಕೂ ಪೂರ್ತಿ ಪಾಠವಾಗುತ್ತದೆ. ಪಾಠ ಮುಗಿದ ಮೇಲೆ ಹೆಚ್ಚಿನ ಕೋಶಗಳು ಸಾಯುತ್ತವೆ. ಕೆಲವು ಮಾತ್ರ ಉಳಿಯುತ್ತವೆ. ಅವುಗಳಲ್ಲಿ ಒಂದಿಷ್ಟು ನೆನಪಿನ ಕೋಶಗಳಾಗಿ ಮೈಯೆಲ್ಲ ಸುತ್ತುತ್ತವೆ. ಇನ್ನೊಂದಿಷ್ಟು ಮೂಳೆಯ ಮಜ್ಜೆಯಲ್ಲಿ ಮನೆಮಾಡಿಕೊಂಡು, ವೈರಸ್ಸು ಇರಲಿ ಬಿಡಲಿ, ವರ್ಷಗಟ್ಟಲೆ ಪ್ರತಿಕಾಯಗಳನ್ನು ತಯಾರಿಸುತ್ತಲೇ ಇರುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಲಸಿಕೆ ಪಡೆದಿದ್ದ ಅಮೆರಿಕದ ಸೈನಿಕರ ರಕ್ತವನ್ನು ಮೂವತ್ತು ವರ್ಷಗಳ ಮೇಲೆ ಪರೀಕ್ಷಿಸಿದಾಗಲೂ ಬಹುತೇಕರಲ್ಲಿ ಪ್ರತಿಕಾಯ ಇತ್ತು. ಇಂಥ ಪುರಾವೆಗಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ವರ್ಷಕ್ಕೊಮ್ಮೆ ಮರುಲಸಿಕೆ ಎನ್ನುವ ಹಳೆಯ ನಿಯಮವನ್ನು ಕೈಬಿಟ್ಟಿತು. 2016ರ ಜುಲೈ 11ರಿಂದ ಹಳದಿ ಕಾರ್ಡು ಜೀವಮಾನಕ್ಕೆ ಸಲ್ಲುತ್ತದೆ, ಹಳೆಯ ಕಾರ್ಡಿನಲ್ಲಿ ಬೇರೆ ಅವಧಿ ಬರೆದಿದ್ದರೂ ಸರಿ. ಹತ್ತು ವರ್ಷ ಆಯಿತೆಂದು ಮತ್ತೆ ಚುಚ್ಚಿಸಿಕೊಳ್ಳಲು ಹೋಗುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈಗ ಇದೇ ಜಾತಿಯ ಇನ್ನೊಂದು ವೈರಸ್ಸಿನ ಕಥೆ. ಇದು ನಮ್ಮ ಮಲೆನಾಡಿನದು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿನಂಚಿನ ಊರಿನವರಿಗೆ ಜ್ವರ ಹಿಡಿಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ವಿಜ್ಞಾನಿಗಳು ಓಡೋಡಿ ಬಂದರು. ಅವರ ಎದೆ ನಡುಗಿಸಿದ ಸಂಶಯ ಯಾವುದು ಗೊತ್ತೇ? ಹಳದಿ ಜ್ವರ. ಕಾಡಿನಲ್ಲಿ ಮಂಗ ಸಾಯುವುದು, ಹಿಂದೆಯೇ ಮನುಷ್ಯರಿಗೆ ಜ್ವರ ಬರುವುದು ಹಳದಿ ಜ್ವರದ ನಡೆ. ಕೊನೆಗೂ ಅದು ಭಾರತಕ್ಕೆ ಕಾಲಿಟ್ಟಿತೇ ಎಂದು ಭಯಪಟ್ಟರು. ಪರೀಕ್ಷಿಸಿದಾಗ ಸಿಕ್ಕಿದ್ದು ಅದರ ದೂರದ ನೆಂಟ, ಲೋಕಕ್ಕೆ ಅಲ್ಲಿಯವರೆಗೆ ಗೊತ್ತೇ ಇರದ ಹೊಸ ವೈರಸ್ಸು. ಹರಡುತ್ತಿದ್ದದ್ದು ಸೊಳ್ಳೆಯಲ್ಲ, ಕಾಡಿನ ಉಣುಗು. ಜಗತ್ತು ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎಂದು ಕರೆಯಿತು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಕೆನ್ನೆ ಊದುವ ಮಂಗನ ಬಾವು ಬೇರೆ, ಇದು ಬೇರೆ. ಶಿಕ್ಷಕರು ಮಕ್ಕಳಿಗೆ ಈ ವ್ಯತ್ಯಾಸ ಹೇಳಿದರೆ ಒಳ್ಳೆಯದು. ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ. 2018-19ರ ಹಂಗಾಮಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಮಾಡಿದ ಅನಾಹುತ ನಮ್ಮಲ್ಲಿ ಮಲೆನಾಡಿನ ಕಡೆಯವರಿಗೆ ನೆನಪಿರಬಹುದು.

ಇದಕ್ಕೂ ಲಸಿಕೆ ಮಾಡಿದರು. ಆದರೆ ದಾರಿ ಬೇರೆ. ವೈರಸ್ಸನ್ನು ದುರ್ಬಲಗೊಳಿಸುವ ಬದಲು ಫಾರ್ಮಲಿನ್ ಹಾಕಿ ಕೊಂದರು. ಸತ್ತ ವೈರಸ್ಸು ಬೆಳೆಯುವುದಿಲ್ಲ, ಕೋಶದೊಳಗೆ ಹೊಕ್ಕು ಗದ್ದಲ ಎಬ್ಬಿಸುವುದಿಲ್ಲ. ಕೋಶ ಕೊಲ್ಲುವ ಟಿ ಕೋಶಗಳಿಗೆ ಅದರಿಂದ ಪಾಠವಾಗುವುದು ಕಡಿಮೆ. ನೆನಪು ತೆಳುವಾಗಿ ಕೂರುತ್ತದೆ, ಬೇಗ ಮಾಸುತ್ತದೆ. ಹಾಗಾಗಿ ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಂದು, ಆಮೇಲೆ ವರ್ಷ ವರ್ಷವೂ ಒಂದೊಂದು ಹಾಕಿಸಿಕೊಳ್ಳಬೇಕಿತ್ತು. 2005ರಿಂದ 2010ರವರೆಗಿನ ಅನುಭವವನ್ನು ಅಳೆದು ನೋಡಿದಾಗ, ಎರಡು ಡೋಸು ಪಡೆದವರಿಗೆ ಸಿಕ್ಕ ರಕ್ಷಣೆ ಶೇ. 62ರಷ್ಟು, ಮೇಲೆ ಬೂಸ್ಟರನ್ನೂ ಪಡೆದವರಿಗೆ ಶೇ. 83ರಷ್ಟು. ಚುಚ್ಚಿದ ಜಾಗದಲ್ಲಿ ನೋವೂ ಜಾಸ್ತಿ. ಅಡಿಕೆ ಕೊಯ್ಲಿನ ನಡುವೆ ಪ್ರತಿವರ್ಷ ಯಾರು ಬಂದು ನಿಲ್ಲುತ್ತಾರೆ? ಜನ ಬಿಟ್ಟರು, ಆಸರೆಯೂ ಸಡಿಲವಾಯಿತು. 2022ರಲ್ಲಿ ಆ ಹಳೆಯ ಲಸಿಕೆಯ ಬಳಕೆಯೇ ನಿಂತಿತು, ಹೊಸದನ್ನು ತಯಾರಿಸುವ ಕೆಲಸ ನಡೆದಿದೆ. ಒಂದೇ ಕುಲದ ಎರಡು ವೈರಸ್ಸುಗಳು. ಒಂದರ ಲಸಿಕೆ ಒಮ್ಮೆ ಹಾಕಿದರೆ ಜೀವಮಾನಕ್ಕೆ, ಇನ್ನೊಂದರದು ವರ್ಷವರ್ಷಕ್ಕೆ. ವ್ಯತ್ಯಾಸ ಇದ್ದದ್ದು ಮೈಗೆ ಹೇಗೆ ಕಲಿಸಿದರು ಎನ್ನುವುದರಲ್ಲಿ.

ಹಾಗಾದರೆ ಜೀವಂತ ಲಸಿಕೆಯ ನೆನಪು ಗಟ್ಟಿ, ಸತ್ತದ್ದರ ನೆನಪು ಪೊಳ್ಳು ಎಂದು ಬರೆದಿಟ್ಟುಕೊಳ್ಳಬಹುದೇ? ಬೇಡ. ಆ ಮಾತನ್ನು ತಿದ್ದುವ ಕೆಲಸ ಇದೇ ನೈರೋಬಿಯಲ್ಲಿ ನಡೆದಿದೆ.

ಎಚ್‌ಪಿವಿ ಎಂಬ ವೈರಸ್ಸು ಹೆಂಗಸರ ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣ. ಅದರ ಲಸಿಕೆಯಲ್ಲಿ ವೈರಸ್ಸು ಇಲ್ಲವೇ ಇಲ್ಲ. ವೈರಸ್ಸಿನ ಹೊರಗವಚದ ಪ್ರೋಟೀನು ತಾನೇ ತಾನಾಗಿ ಜೋಡಿಕೊಂಡು ಆದ ಪೊಳ್ಳು ಚೆಂಡು ಮಾತ್ರ ಇದೆ. ಒಳಗೆ ವಂಶವಾಹಿ ಇಲ್ಲ, ಆದ್ದರಿಂದ ಸೋಂಕು ಹತ್ತಿಸಲಾರದು. ಆದರೆ ಆ ಚೆಂಡಿನ ಮೈಮೇಲೆ ಒಂದೇ ಆಕಾರ ನೂರಾರು ಸಲ, ಅಚ್ಚುಕಟ್ಟಾದ ಸಾಲಿನಲ್ಲಿ, ಬರುತ್ತದೆ. ಬಿ ಕೋಶಕ್ಕೆ ಅಂಥ ಸಾಲು ಕಂಡರೆ ಮರೆಯಲಾಗದಷ್ಟು ಬಲವಾಗಿ ಮನಸ್ಸಿಗೆ ನಾಟುತ್ತದೆ. ಮೊದಲು ಈ ಲಸಿಕೆಯನ್ನು ಮೂರು ಡೋಸು ಕೊಡುತ್ತಿದ್ದರು, ಆಮೇಲೆ ಎರಡು. ಒಂದೇ ಸಾಕೇ ಎನ್ನುವುದನ್ನು ತಿಳಿಯಲು ಥೀಕಾ, ಕಿಸುಮು ಮತ್ತು ನೈರೋಬಿಯ 15ರಿಂದ 20 ವಯಸ್ಸಿನ 2,275 ಯುವತಿಯರು ಕೆನ್ ಶೀ ಎಂಬ ಅಧ್ಯಯನಕ್ಕೆ ಸೇರಿದರು. 2022ರಲ್ಲಿ ಅದರ ಫಲ ಪ್ರಕಟವಾಯಿತು. ಕ್ಯಾನ್ಸರಿಗೆ ಹೆಚ್ಚು ಕಾರಣವಾಗುವ 16 ಮತ್ತು 18ನೇ ಬಗೆಗಳ ನಿಲ್ಲುವ ಸೋಂಕಿನಿಂದ ಒಂದೇ ಡೋಸು ಹದಿನೆಂಟು ತಿಂಗಳಲ್ಲಿ ಶೇ. 97.5ರಷ್ಟು ರಕ್ಷಣೆ ಕೊಟ್ಟಿತ್ತು. ಅದೇ ವರ್ಷದ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವಯಸ್ಸಿನವರಿಗೆ ಒಂದು ಡೋಸೂ ಸಾಕು ಎಂದು ಒಪ್ಪಿತು. ಅದಕ್ಕೆ ನೆರವಾದ ಪುರಾವೆಗಳಲ್ಲಿ ನಮ್ಮ ನೆರೆಹೊರೆಯ ಈ ಹುಡುಗಿಯರ ತೋಳಿನಿಂದ ಬಂದದ್ದೂ ಒಂದು.

ಕೀನ್ಯಾ ಸರ್ಕಾರ 2019ರಿಂದ ಹತ್ತು ವರ್ಷದ ಹುಡುಗಿಯರಿಗೆ ಈ ಲಸಿಕೆ ಹಾಕುತ್ತಿದೆ. ಇವತ್ತು ಮುಂದಿನ ಸಾಲಿನಲ್ಲಿ ಲಂಗ ದಾವಣಿ ಉಟ್ಟು ಕುಳಿತವರಲ್ಲಿ ಹಲವರಿಗೆ ಅದೇ ವಯಸ್ಸು. ಇಷ್ಟು ಚಿಕ್ಕ ಹುಡುಗಿಗೆ ಯಾಕೆ ಈಗಲೇ ಎಂದು ತಾಯಂದಿರು ಮೆಲ್ಲನೆ ಕೇಳುತ್ತಾರೆ. ಸಂಕೋಚ ನನಗೆ ಅರ್ಥವಾಗುತ್ತದೆ. ಉತ್ತರ ಸರಳ: ಲಸಿಕೆ ಎಂದರೆ ಪರೀಕ್ಷೆಗೆ ಮುಂಚಿನ ಪಾಠ. ವೈರಸ್ಸಿನ ಸಂಪರ್ಕ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಕಲಿಸಬೇಕು. ಜೊತೆಗೆ ಆ ವಯಸ್ಸಿನ ಮೈ ದೊಡ್ಡವರ ಮೈಗಿಂತ ಚೆನ್ನಾಗಿ ಕಲಿಯುತ್ತದೆ. ಮಗಳ ನಡತೆಗೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಕೊರೊನಾ, ಫ್ಲೂ ಲಸಿಕೆಗಳನ್ನು ಯಾಕೆ ಮತ್ತೆ ಮತ್ತೆ ಹಾಕಿಸಬೇಕಾಯಿತು ಎಂದು ನೀವು ಕೇಳಬಹುದು. ಎರಡು ಕಾರಣ. ಆ ವೈರಸ್ಸುಗಳು ವೇಷ ಬದಲಿಸುತ್ತವೆ, ನಿನ್ನೆ ಕಲಿತ ಮುಖ ನಾಳೆ ಹೊಂದುವುದಿಲ್ಲ. ಇನ್ನೊಂದು, ನೆನಪಿನ ಕೋಶಗಳು ಎಚ್ಚೆತ್ತು ಪಡೆ ಕಟ್ಟಲು ಮೂರು ನಾಲ್ಕು ದಿನ ಬೇಕು. ಮೂಗಿನಲ್ಲೇ ಬೆಳೆಯುವ ವೈರಸ್ಸು ಅಷ್ಟರೊಳಗೆ ಸೀನಿಸಿಬಿಡುತ್ತದೆ. ಶೀತ ಬಂತೆಂದು ಲಸಿಕೆ ಸೋತಿತು ಎನ್ನಬಾರದು. ಶ್ವಾಸಕೋಶಕ್ಕೆ ಇಳಿಯುವ ಹೊತ್ತಿಗೆ ನೆನಪು ಎದ್ದಿರುತ್ತದೆ, ಜೀವ ಉಳಿಸುವುದು ಅದು.

ಇನ್ನೊಂದು ಮಾತನ್ನು ಪೋಷಕರ ಸಭೆಗಳಲ್ಲಿ ಆಗಾಗ ಕೇಳುತ್ತೇನೆ. ಬರಲಿ ಬಿಡಿ, ರೋಗ ಬಂದು ಹೋದರೆ ಮೈ ಗಟ್ಟಿಯಾಗುತ್ತದೆ ಎನ್ನುವ ಮಾತು. ದಡಾರ ಬಂದರೆ ಅಮ್ಮ ಬಂದಳು ಎಂದು ಬೇವಿನ ಸೊಪ್ಪು ಇಟ್ಟು, ತಂಪು ಉಣಿಸಿ, ಇಳಿದ ಮೇಲೆ ನೀರೆರೆದ ಅಜ್ಜಿಯರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಅವರ ಕೈಯಲ್ಲಿ ಆಗ ಬೇರೇನೂ ಇರಲಿಲ್ಲ. ಆದರೆ ದಡಾರದ ವೈರಸ್ಸು ಮಾಡುವ ಕೆಲಸ ನೋಡಿ. ಅದು ಹುಡುಕಿಕೊಂಡು ಹೋಗಿ ಹೊಕ್ಕುವುದು ನೆನಪಿನ ಕೋಶಗಳನ್ನೇ. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಪಡೆಯದೆ ದಡಾರ ಬಂದ 77 ಮಕ್ಕಳ ರಕ್ತವನ್ನು, ಕಾಯಿಲೆಗೆ ಮೊದಲು ಮತ್ತು ಆಮೇಲೆ, ಹೋಲಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ರೋಗಗಳ ವಿರುದ್ಧ ಅವರು ಗಳಿಸಿಕೊಂಡಿದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟು ಅಳಿಸಿಹೋಗಿದ್ದವು. ದಡಾರ ತನ್ನ ಗುರುತನ್ನು ಮಾತ್ರ ಬಿಟ್ಟು, ಉಳಿದ ಪಾಠಗಳ ಪುಟಗಳನ್ನು ಹರಿದು ಹೋಗುತ್ತದೆ. ದಡಾರದ ಲಸಿಕೆ ಹಾಗೆ ಮಾಡುವುದಿಲ್ಲ. ರೋಗದಿಂದಲೂ ಮೈ ಕಲಿಯುತ್ತದೆ, ನಿಜ. ಅದಕ್ಕೆ ಕೊಡುವ ಗುರುದಕ್ಷಿಣೆ ಮಾತ್ರ ದುಬಾರಿ.

ಇದನ್ನೆಲ್ಲ ಕೇಳಿ ಮನೆಗೆ ಹೋದ ಮೇಲೆ ಮಾಡಬೇಕಾದ ಕೆಲವು ಕೆಲಸಗಳಿವೆ. ನಾನು ವೈದ್ಯೆಯಲ್ಲ. ಕೊನೆಯ ಮಾತು ನಿಮ್ಮ ವೈದ್ಯರದು. ಆದರೆ ಅವರನ್ನು ಏನು ಕೇಳಬೇಕು ಎಂದು ಹೇಳಬಲ್ಲೆ.

ಮೊದಲನೆಯದು, ಮಕ್ಕಳ ಹಳದಿ ಕಾರ್ಡು. ನೈರೋಬಿಯಲ್ಲಿ ಹುಟ್ಟಿದ ಮಗುವಿಗೆ ಸರ್ಕಾರಿ ಲಸಿಕಾ ಪಟ್ಟಿಯಲ್ಲಿ ಹಳದಿ ಜ್ವರದ್ದು ತಾನಾಗಿ ಬರುವುದಿಲ್ಲ. ಬಾರಿಂಗೊ, ಎಲ್ಗೆಯೊ ಮಾರಕ್ವೆಟ್‌ನಂಥ ಅಪಾಯದ ಕೌಂಟಿಗಳಲ್ಲಿ ಮಾತ್ರ ಅದು ಪಟ್ಟಿಯಲ್ಲಿದೆ. ಇಲ್ಲಿ ನಾವೇ ಕೇಳಿ ಹಾಕಿಸಬೇಕು. ಸಾಮಾನ್ಯವಾಗಿ ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ. ಪ್ರಯಾಣ ಗೊತ್ತಾದ ಮೇಲೆ ನೋಡೋಣ ಎನ್ನಬೇಡಿ. ಮದುವೆಗೆ ಮುಹೂರ್ತವಿರುತ್ತದೆ. ಅಪ್ಪನಿಗೆ ಸೀರಿಯಸ್ಸು ಎನ್ನುವ ಫೋನಿಗೆ ಮುಹೂರ್ತವಿಲ್ಲ. ರಾತ್ರಿ ಫೋನು ಬಂದರೆ ಬೆಳಗಿನೊಳಗೆ ಟಿಕೆಟ್ಟು ಸಿಕ್ಕೀತು, ಎಷ್ಟು ದುಡ್ಡು ಕೊಟ್ಟರೂ ಹತ್ತು ದಿನ ಸಿಗುವುದಿಲ್ಲ. ಆ ಹತ್ತು ದಿನ ಮಗುವಿನ ದುಗ್ಧಗ್ರಂಥಿಯಲ್ಲಿ ನಡೆಯಬೇಕಾದ ಕೆಲಸ, ಅದಕ್ಕೆ ಅಡ್ಡದಾರಿಯಿಲ್ಲ.

ಎರಡನೆಯದೂ ಅಡ್ಡದಾರಿಯ ಮಾತೇ. ಚುಚ್ಚಿಸಿಕೊಳ್ಳದೆ ಬರೀ ಮುದ್ರೆ ಹಾಕಿಸಿಕೊಡುವವರು ಸಿಗುತ್ತಾರೆ ಎಂಬ ಪಿಸುಮಾತು ಎಲ್ಲ ಊರಿನಲ್ಲೂ ಇರುತ್ತದೆ. ಆ ದಾರಿಗೆ ಹೋಗಬೇಡಿ. ಮುದ್ರೆ ಕೌಂಟರಿನವರನ್ನು ಒಪ್ಪಿಸೀತು, ಸೊಳ್ಳೆಯನ್ನು ಒಪ್ಪಿಸುವುದಿಲ್ಲ. ನೈರೋಬಿಯಲ್ಲಿ ಅಪಾಯ ಕಡಿಮೆ ನಿಜ. ಆದರೆ ಫ್ಲೆಮಿಂಗೊ ನೋಡಲು ನಾವು ಮಕ್ಕಳನ್ನು ಕರೆದೊಯ್ಯುವ ಬೊಗೋರಿಯಾ ಸರೋವರ ಇರುವುದು ಬಾರಿಂಗೊದಲ್ಲಿ. ಸಂಬುರುವಿಗೆ ಹೋಗುವ ದಾರಿಯ ಇಸಿಯೊಲೊದಲ್ಲಿ 2022ರಲ್ಲಿ ಹಳದಿ ಜ್ವರ ಕಾಣಿಸಿಕೊಂಡಿತ್ತು. ಈ ರೋಗಕ್ಕೆ ನೇರ ಔಷಧವಿಲ್ಲ.

ಮೂರನೆಯದು, ಊರಿನಿಂದ ಬರುವ ಅಜ್ಜ ಅಜ್ಜಿಯರು. ಮೊಮ್ಮಗುವಿನ ಬಾಣಂತನಕ್ಕೆಂದು ಬರುವವರು ಮರಳಿ ಹೋಗುವಾಗ ಕಾರ್ಡು ತೋರಿಸಲೇಬೇಕು. ಅರವತ್ತು ದಾಟಿದ ಮೈಯಲ್ಲಿ ಈ ಜೀವಂತ ಲಸಿಕೆಯಿಂದ ತೀವ್ರ ತೊಂದರೆಯಾಗುವ ಸಂಭವ, ಅಪರೂಪವಾದರೂ, ಎಳೆಯರಿಗಿಂತ ಹೆಚ್ಚು. ಬಸುರಿಯರು, ಪ್ರತಿರೋಧ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು ಕೂಡ ಸುಮ್ಮನೆ ಹೋಗಿ ಚುಚ್ಚಿಸಿಕೊಳ್ಳಬಾರದು. ಟಿಕೆಟ್ಟು ಮಾಡಿಸುವ ಮೊದಲೇ ವೈದ್ಯರೊಂದಿಗೆ ಮಾತಾಡಿ. ಲಸಿಕೆ ಸಲ್ಲದವರಿಗೆ ಕೊಡುವ ವೈದ್ಯಕೀಯ ಪತ್ರದ ಬಗ್ಗೆಯೂ ಕೇಳಿ.

ನಾಲ್ಕನೆಯದು, ಎರಡು ದೇಶಗಳ ನಡುವೆ ಬಿದ್ದುಹೋಗುವ ಡೋಸುಗಳು. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸು ಒಂಬತ್ತನೇ ತಿಂಗಳಲ್ಲಿ. ಎರಡನೆಯದು ಕೀನ್ಯಾದಲ್ಲಿ ಹದಿನೆಂಟನೇ ತಿಂಗಳಿಗೆ, ಭಾರತದಲ್ಲಿ 16ರಿಂದ 24 ತಿಂಗಳೊಳಗೆ. ನಡುವೆ ಸಂಸಾರ ಇಲ್ಲಿಂದಲ್ಲಿಗೆ ಎದ್ದರೆ ಎರಡನೆಯದು ಮರೆಯುವುದು ಸುಲಭ. ಊರಿನ ತಾಯಿ ಕಾರ್ಡನ್ನೂ ಇಲ್ಲಿನ ತಾಯಿ-ಮಗುವಿನ ಪುಸ್ತಕವನ್ನೂ ಒಟ್ಟಿಗೆ ಇಟ್ಟು ಒಮ್ಮೆ ಹೋಲಿಸಿ ನೋಡಿ. ಹಳದಿ ಜ್ವರದ್ದೂ ದಡಾರದ್ದೂ ಎರಡೂ ಜೀವಂತ ಲಸಿಕೆ. ಒಂದೇ ದಿನ ಹಾಕಿಸಬೇಕು, ಇಲ್ಲವೇ ನಾಲ್ಕು ವಾರ ಬಿಡಬೇಕು. ಒಂದು ಎಬ್ಬಿಸಿದ ಇಂಟರ್‌ಫೆರಾನ್ ಕೂಗು ಅಡಗುವ ಮೊದಲೇ ಇನ್ನೊಂದು ಬಂದರೆ, ಬಾಗಿಲು ಹಾಕಿಕೊಂಡ ಊರಿಗೆ ಬಂದ ಮೇಷ್ಟರ ಗತಿ ಅದರದು.

ಕೊನೆಗೆ ಶಿಕ್ಷಕರಿಗೆ ಒಂದು ಮಾತು. ಮೈಯ ನೆನಪನ್ನು ಪಾಠಕ್ಕೆ ಹೋಲಿಸುತ್ತಾ ಬಂದೆ. ಒಂದು ಕಡೆ ಆ ಹೋಲಿಕೆ ನಿಲ್ಲುತ್ತದೆ. 17ಡಿ ಕಲಿಸಿದ ಪಾಠವನ್ನು ಮಜ್ಜೆಯ ಕೋಶಗಳು ಯಾರೂ ಕೇಳದಿದ್ದರೂ ಹತ್ತಾರು ವರ್ಷ ಒಪ್ಪಿಸುತ್ತಲೇ ಇರುತ್ತವೆ. ನೀವು ಕಲಿಸಿದ ಕನ್ನಡ ಆ ಜಾತಿಯದಲ್ಲ. ಅದು ಮಂಗನ ಕಾಯಿಲೆಯ ಲಸಿಕೆಯ ಹಾಗೆ, ಬೂಸ್ಟರ್ ಬೇಕು. ಇವತ್ತಿನ ಪ್ರಮಾಣಪತ್ರ ಮೊದಲ ಎರಡು ಡೋಸಿಗೆ ಸಮ. ಉಳಿದದ್ದು ಊಟದ ತಟ್ಟೆಯ ಮುಂದೆ, ಕಾರಿನಲ್ಲಿ, ಅಜ್ಜಿಯ ಫೋನಿನಲ್ಲಿ ಪೋಷಕರೇ ಹಾಕಬೇಕು. ಅದೃಷ್ಟಕ್ಕೆ ಅದಕ್ಕೆ ಸೂಜಿ ಬೇಡ, ನೋವೂ ಇಲ್ಲ.

ಪದವಿ ಪಡೆದ ಮಕ್ಕಳಿಗೆ ಮನಸಾರೆ ಅಭಿನಂದನೆ. ಪೋಷಕರೇ, ಇವತ್ತು ಸಂಜೆ ಮಕ್ಕಳ ಪ್ರಮಾಣಪತ್ರವನ್ನು ಬೀರುವಿನಲ್ಲಿ ಇಡುವಾಗ ಅಲ್ಲೇ ಇರುವ ಹಳದಿ ಕಾರ್ಡುಗಳನ್ನೂ ತೆಗೆದು ನೋಡಿ. ಯಾರದಾದರೂ ಒಂದು ಕಡಿಮೆ ಇದ್ದರೆ ಸೋಮವಾರವೇ ವಿಚಾರಿಸಿ.